ನಿಂತು ನೋಡುವವರ ಊರು

ಭಾನುವಾರ ಬೆಳಿಗ್ಗೆ ಚಾಮರಾಜಪುರಂನ ಮನೆಯಿಂದ ಹೊರಟರೆ ನನ್ನ ಕಾಲು ತಾನಾಗಿ ಮಹಾರಾಜ ಕಾಲೇಜು ಮೈದಾನದ ಕಡೆ ತಿರುಗುತ್ತದೆ. ಅಲ್ಲಿ ಒಂದೇ ಹೊತ್ತಿಗೆ ನಾಲ್ಕೈದು ಪಂದ್ಯ. ಒಂದು ತಂಡದ ಡೀಪ್ ಫೀಲ್ಡರ್ ಇನ್ನೊಂದು ತಂಡದ ಸ್ಲಿಪ್ ಪಕ್ಕದಲ್ಲೇ ನಿಂತಿರುತ್ತಾನೆ. ಸುತ್ತಲೂ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ನೋಡುತ್ತಿರುವ ಜನ. ಯಾರಿಗೂ ಟಿಕೆಟ್ ಇಲ್ಲ, ಕುರ್ಚಿ ಇಲ್ಲ.

ನಾನು ಪಂದ್ಯ ನೋಡಲು ಕಲಿತದ್ದು ಇಲ್ಲೇ, ಸೋದರಮಾವನ ಕೈ ಹಿಡಿದು. ಅವರ ಮೊದಲ ಪಾಠ: "ವಿಕೆಟ್‌ನ ನೇರಕ್ಕೆ ನಿಂತ್ಕೋ ಮಗು. ಪಕ್ಕದಿಂದ ನೋಡಿದ್ರೆ ವೇಗ ಕಾಣತ್ತೆ, ಸ್ವಿಂಗ್ ಕಾಣಲ್ಲ." ಅರ್ಧ ಗಂಟೆ ಕಳೆದ ಮೇಲೆ ಕರೆದುಕೊಂಡು ಹೋಗಿ ಸ್ಕ್ವೇರ್ ಲೆಗ್ ಕಡೆ ನಿಲ್ಲಿಸುತ್ತಿದ್ದರು. ಅಲ್ಲಿಂದ ಚೆಂಡು ಎಲ್ಲಿ ಬೀಳುತ್ತದೆ, ಬ್ಯಾಟ್ಸ್‌ಮನ್ ಕಾಲು ಮುಂದಿಡುತ್ತಾನೋ ಹಿಂದಿಡುತ್ತಾನೋ ತಿಳಿಯುತ್ತದೆ. ಕುರ್ಚಿಗೆ ದುಡ್ಡು ಕೊಟ್ಟವನಿಗೆ ದಿನವಿಡೀ ಒಂದೇ ನೋಟ. ನಿಂತು ನೋಡುವವನಿಗೆ ಇಡೀ ಮೈದಾನವೇ ತನ್ನದು. ಮೈಸೂರಿನ ಕ್ರಿಕೆಟ್ ಅಭಿಮಾನದ ಬೇರು ಈ ವಾಡಿಕೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಇದು ಕಾಲೇಜುಗಳ ಊರು, ಇಲ್ಲಿನ ಕ್ರಿಕೆಟ್ಟೂ ಕಾಲೇಜುಗಳದೇ. ಎರಪಳ್ಳಿ ಪ್ರಸನ್ನ ಇಲ್ಲಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಓದಿದವರು. 1973-74ರಲ್ಲಿ ಅವರ ನಾಯಕತ್ವದಲ್ಲೇ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ಅದಕ್ಕೆ ಮೊದಲು ಸತತ 15 ವರ್ಷ ಗೆದ್ದಿದ್ದ ಮುಂಬೈಯನ್ನು ಸೆಮಿಫೈನಲ್‌ನಲ್ಲಿ ಹಿಂದಿಕ್ಕಿತ್ತು. ಜಾವಗಲ್ ಶ್ರೀನಾಥ್ ಮರಿಮಲ್ಲಪ್ಪ ಶಾಲೆಯ ಹುಡುಗ, ಆಮೇಲೆ ಎಸ್‌ಜೆಸಿಇ ವಿದ್ಯಾರ್ಥಿ. ಮಹಾರಾಜ ಕಾಲೇಜಿನಲ್ಲಿ ಓದಿದ ಆರ್.ಕೆ. ನಾರಾಯಣ್ 1935ರ ತಮ್ಮ ಮೊದಲ ಕಾದಂಬರಿಯಲ್ಲಿ ಸ್ವಾಮಿ ಮತ್ತವನ ಗೆಳೆಯರ ಕೈಗೆ ಒಂದು ಕ್ರಿಕೆಟ್ ಕ್ಲಬ್ಬನ್ನೇ ಕೊಟ್ಟರು.

ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭಿಮಾನಿಗಳೂ ನಿಂತು ನೋಡುವವರೇ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಅವರ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಬಿದ್ದರು. ಆಟ ನೋಡಲು ಬಂದಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆಸಿದರು. ಗಾಯಾಳುವಿನ ಉಡುಪು ತೊಟ್ಟು ಗಿಲ್ ಗೆರೆಯ ಪಕ್ಕ ಸಿದ್ಧನಾಗಿ ನಿಂತ. ಅವನನ್ನು ಇಳಿಸುವ ಅಗತ್ಯವೇ ಬರಲಿಲ್ಲ, ತಂಡ 22-14ರಿಂದ ಗೆದ್ದಿತು. ನಾಳೆ ನಮಗೂ ಕರೆ ಬರಬಹುದು ಎಂಬಂತೆ ಅಲ್ಲಿನ ವಿದ್ಯಾರ್ಥಿಗಳು ಇವತ್ತಿಗೂ ಪಂದ್ಯ ಮುಗಿಯುವ ತನಕ ಕೂರುವುದಿಲ್ಲ. ತಮ್ಮನ್ನು ಹನ್ನೆರಡನೇ ಆಟಗಾರ ಎಂದೇ ಕರೆದುಕೊಳ್ಳುತ್ತಾರೆ.

ನಮ್ಮ ಹನ್ನೆರಡನೆಯವನನ್ನು ನಾನು ಕಣ್ಣಾರೆ ಕಂಡದ್ದು 2010ರ ಜನವರಿಯಲ್ಲಿ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ಕರ್ನಾಟಕ-ಮುಂಬೈ ರಣಜಿ ಫೈನಲ್. ಹಾಸ್ಟೆಲ್ ಹುಡುಗರು, ತರಗತಿ ಬಿಟ್ಟು ಬಂದವರು, ಪಿಂಚಣಿದಾರರು ಎಲ್ಲರೂ ದಿಬ್ಬ ತುಂಬಿದರು. ಜಾಗ ಸಿಗದವರು ಮರ ಹತ್ತಿದರು. ಮುಂಬೈ 233, ನಾವು 130. ಎರಡನೇ ಇನಿಂಗ್ಸ್‌ನಲ್ಲಿ ಅಭಿಮನ್ಯು ಮಿಥುನ್ ಆರು ವಿಕೆಟ್ ಕಿತ್ತರೂ ಧವಳ್ ಕುಲಕರ್ಣಿಯ 87 ರನ್ ಬಲದಿಂದ ಮುಂಬೈ 234 ಸೇರಿಸಿತು. ಗುರಿ 338.

ನಾಲ್ಕನೇ ದಿನ ಸಂಕ್ರಾಂತಿ. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದ, ಗಣೇಶ್ ಸತೀಶ್ 75. ಪ್ರತಿ ರನ್ನಿಗೂ ಮರದ ಮೇಲಿಂದ ಕೇಕೆ, ಕೆಳಗಿನಿಂದ ಸಿಳ್ಳೆ. ಅವರಿಬ್ಬರೂ ಹೋದ ಮೇಲೆ ವಿಕೆಟ್ ಉದುರುತ್ತಾ ಹೋದವು, ಗುರಿಯೂ ಹತ್ತಿರ ಬರುತ್ತಾ ಹೋಯಿತು. ಅಜಿತ್ ಅಗರ್ಕರ್‌ಗೆ ಐದು ವಿಕೆಟ್. 331ಕ್ಕೆ ನಾವು ಆಲೌಟ್. ಆರು ರನ್!

ನನ್ನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಜೇಬಿನಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದು ಗುರುತಿಲ್ಲದ ನಮಗೆಲ್ಲ ಹಂಚಿದರು. "ತಗೊಳ್ಳಿ, ಹಬ್ಬ ಇವತ್ತು," ಎಂದರು. ಎಳ್ಳುಬೆಲ್ಲ ತಿಂದ ಮೇಲೆ ಒಳ್ಳೆಯ ಮಾತೇ ಆಡಬೇಕಲ್ಲವೇ? ಅವರು ಆಡಿದ್ದು ಅಗರ್ಕರ್ ಬೌಲಿಂಗ್ ಬಗ್ಗೆ. ಎದುರಾಳಿಯ ಕೈಚಳಕವನ್ನು ಅಷ್ಟು ಬಿಡಿಸಿ ಹೇಳಬೇಕಾದರೆ ಅವರು ಎಷ್ಟು ಬೆಳಿಗ್ಗೆ ಎಷ್ಟು ಮೈದಾನಗಳ ಅಂಚಿನಲ್ಲಿ ನಿಂತಿರಬೇಕು! 2013-14ರಲ್ಲಿ ಹೈದರಾಬಾದಿನಲ್ಲಿ ಕರ್ನಾಟಕ ಟ್ರೋಫಿ ಗೆದ್ದಾಗ ನನಗೆ ಮೊದಲು ನೆನಪಾದದ್ದು ಅವರೇ.

ಗ್ಲೇಡ್ಸ್ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರು ಹೊತ್ತಿದೆ. ಅಲ್ಲಿ ಏನೇ ಕಟ್ಟಲಿ, ದಿಬ್ಬವನ್ನೂ ಮರಗಳನ್ನೂ ಉಳಿಸಬೇಕು. ವಿದ್ಯಾರ್ಥಿಗಳಿಗೆ ರಣಜಿಯ ಬಾಗಿಲು ತೆರೆದೇ ಇರಬೇಕು. ಮುಂದಿನ ಪಂದ್ಯಕ್ಕೆ ಮನೆಯ ಮಕ್ಕಳನ್ನು ಕರೆದುಕೊಂಡು ಬನ್ನಿ. ಮೊದಲ ಒಂದು ಗಂಟೆ, ಚೆಂಡು ಹೊಸದಿರುವಾಗ, ಬೌಲರ್ ಬೆನ್ನಿನ ನೇರಕ್ಕೆ ನಿಲ್ಲಿಸಿ. ಊಟವಾದ ಮೇಲೆ ಸ್ಕ್ವೇರ್ ಲೆಗ್‌ನ ನೆರಳಿಗೆ ಕರೆದೊಯ್ಯಿರಿ. ಸ್ಕೋರು ಎಷ್ಟೆಂದು ಕೇಳುವುದನ್ನು ಬಿಟ್ಟು ಮಗು ಚೆಂಡನ್ನೇ ನೋಡತೊಡಗಿದರೆ, ಊರಿಗೆ ಇನ್ನೊಬ್ಬ ಹನ್ನೆರಡನೆಯವನು ಸಿಕ್ಕ.