ಪಾಟೀಸವಾಲಿನ ರುಚಿ

ಪತ್ತೇದಾರಿ ಕಾದಂಬರಿಯ ಚಟ ಹತ್ತಿದವರಲ್ಲೂ ಕೋರ್ಟು ಬಂದ ಕೂಡಲೇ ಪುಟ ಹಾರಿಸುವವರಿದ್ದಾರೆ. ಹೆಣ ಸಿಕ್ಕಿತು, ಜಾಡು ಹಿಡಿದದ್ದಾಯಿತು, ಇನ್ನು ಕರಿಕೋಟಿನವರ ಮಾತು ಯಾರಿಗೆ ಬೇಕು ಎಂಬ ಧೋರಣೆ. ಇದರಲ್ಲಿ ನಮ್ಮ ಸಿನಿಮಾಗಳ ಪಾಲೂ ಇದೆ. 'ಯುದ್ಧಕಾಂಡ'ದ ರವಿಚಂದ್ರನ್ ಕೋರ್ಟಿನಲ್ಲಿ ಗುಡುಗಿದ್ದನ್ನು ನೋಡಿದವರಿಗೆ ಕೋರ್ಟೆಂದರೆ ಭಾಷಣ, ಮೇಜು ಕುಟ್ಟುವುದು, ಕೊನೇ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಒಳನುಗ್ಗುವ ಸಾಕ್ಷಿ. ಕೋರ್ಟಿನ ಕಾದಂಬರಿಯನ್ನು ಇದೇ ನಿರೀಕ್ಷೆಯಲ್ಲಿ ತೆರೆದರೆ ಹತ್ತು ಪುಟಕ್ಕೇ ಆಕಳಿಕೆ ಬರುತ್ತದೆ. ಇಲ್ಲಿ ಸ್ವಾರಸ್ಯ ಇರುವುದು ಭಾಷಣದಲ್ಲಲ್ಲ, ಪ್ರಶ್ನೆಯಲ್ಲಿ.

ತಾಳಮದ್ದಳೆ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ವಾಲಿ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಒಂದೊಂದೇ ಪ್ರಶ್ನೆಯಿಂದ ಮೂಲೆಗೆ ಒತ್ತುವುದನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಕೋರ್ಟಿನ ಕಾದಂಬರಿಗೂ ಅಂಥ ಕಿವಿಯೇ ಬೇಕು. ಕೊಲೆಗಾರ ಯಾರು ಎಂಬುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಈ ಪ್ರಶ್ನೆ ಈಗಲೇ ಏಕೆ ಬಂತು, ಉತ್ತರ ಪ್ರಶ್ನೆಗಿಂತ ಒಂದು ಗೇಣು ಉದ್ದವಾಯಿತೋ ಗಿಡ್ಡವಾಯಿತೋ, ಎದುರು ವಕೀಲ ಏಕೆ ಸುಮ್ಮನಿದ್ದ, ಇದನ್ನು ಗಮನಿಸಿ.

ನಿಯಮಗಳು ಸ್ವಲ್ಪ ಗೊತ್ತಿದ್ದರೆ ಸಾಕು. ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲ ಮುಖ್ಯ ವಿಚಾರಣೆ ಮಾಡುತ್ತಾನೆ. ಅವನು ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕುವಂತಿಲ್ಲ. 'ಆ ರಾತ್ರಿ ಎಲ್ಲಿದ್ದಿರಿ?' ಎಂದು ಕೇಳಬೇಕು. ಎದುರು ಪಕ್ಷದ ವಕೀಲ ಮಾಡುವ ಪಾಟೀಸವಾಲಿನಲ್ಲಿ ಆ ಕಟ್ಟಿಲ್ಲ. 'ಆ ರಾತ್ರಿ ನೀವು ಅಂಗಡಿಯಲ್ಲಿ ಇರಲೇ ಇಲ್ಲ, ಅಲ್ಲವೇ?' ಎಂದು ನೇರ ಚುಚ್ಚಬಹುದು. ನಮ್ಮಲ್ಲೂ 1872ರ ಸಾಕ್ಷ್ಯ ಅಧಿನಿಯಮ ಇಂಗ್ಲಿಷ್ ಪದ್ಧತಿಯಿಂದಲೇ ಬಂದದ್ದು. 2024ರ ಜುಲೈಯಿಂದ ಕಾಯ್ದೆಯ ಹೆಸರು ಬದಲಾಗಿದ್ದರೂ ಈ ವ್ಯವಸ್ಥೆ ಹಾಗೆಯೇ ಉಳಿದಿದೆ. ಹಾಗಾಗಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ಕಲಾಪ ನಮಗೆ ತೀರ ಪರಕೀಯವೇನಲ್ಲ. ಜೂರಿ ಎಂಬುದೊಂದು ಮಾತ್ರ ಈಗ ನಮ್ಮಲ್ಲಿಲ್ಲ.

ನಮ್ಮ ತಾಲ್ಲೂಕು ಕೋರ್ಟುಗಳ ಕನ್ನಡ ಸಾಕ್ಷಿ ಹೇಳಿಕೆಯನ್ನು ಓದಿದವರಿಗೆ ಇನ್ನೊಂದು ಸಂಗತಿ ಹೊಳೆಯಬಹುದು. ಅಲ್ಲಿ ಪ್ರಶ್ನೆಗಳು ಸಾಮಾನ್ಯವಾಗಿ ದಾಖಲಾಗುವುದಿಲ್ಲ. 'ಆರೋಪಿಯ ಮೇಲಿನ ದ್ವೇಷದಿಂದ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ', 'ಆ ದಿನ ಕತ್ತಲಿತ್ತು ಎಂದರೆ ಸರಿ' ಎಂದು ಸಾಕ್ಷಿಯೇ ತಾನಾಗಿ ಹೇಳಿದಂತೆ ಬರೆದಿರುತ್ತದೆ. ಪಳಗಿದವರು ಆ 'ಎಂದರೆ ಸರಿಯಲ್ಲ'ಗಳ ಸಾಲಿನಲ್ಲೇ ಆರೋಪಿಯ ವಕೀಲನ ಮನಸ್ಸಿನಲ್ಲಿರುವ ಪೂರ್ತಿ ಕತೆಯನ್ನು ಓದಿಬಿಡುತ್ತಾರೆ. ಕಾದಂಬರಿ ಆ ಪ್ರಶ್ನೆಗಳನ್ನು ನಮಗೆ ಮರಳಿ ಕೊಡುತ್ತದೆ. ಅವುಗಳ ಹಿಂದಿರುವ ಕತೆಯನ್ನು ಊಹಿಸುವ ಕೆಲಸ ನಮ್ಮದು.

ಎಲ್ಲಿಂದ ಶುರುಮಾಡಬೇಕು? ಕಾದಂಬರಿಲೋಕದ ವಕೀಲ ಪೆರಿ ಮೇಸನ್‌ನಿಂದಲೇ. ಒಂದು ಕಾಲಕ್ಕೆ ನಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಬೆನ್ನು ಸೀಳಿದ ಪೇಪರ್‌ಬ್ಯಾಕ್‌ಗಳ ಸಾಲೇ ಇರುತ್ತಿತ್ತು. ಅರ್ಲ್ ಸ್ಟಾನ್ಲಿ ಗಾರ್ಡ್ನರ್ 80ಕ್ಕೂ ಹೆಚ್ಚು ಮೇಸನ್ ಕಾದಂಬರಿ ಬರೆದರು. ಆದರೆ ಮೊದಲನೆಯದರಿಂದ ಹತ್ತಬೇಡಿ. 1933ರ 'ದ ಕೇಸ್ ಆಫ್ ದ ವೆಲ್ವೆಟ್ ಕ್ಲಾಸ್'ನಲ್ಲಿ ಮೇಸನ್ ಓಡಾಡುತ್ತಾನೆ, ಬೆದರಿಸುತ್ತಾನೆ. ಕೋರ್ಟಿನ ಕಲಾಪ ಮಾತ್ರ ಇಲ್ಲ. 1934ರ 'ದ ಕೇಸ್ ಆಫ್ ದ ಹೌಲಿಂಗ್ ಡಾಗ್' ಒಳ್ಳೆಯ ಬಾಗಿಲು. ಅದರಲ್ಲಿ ಕೊಲೆ ನಡೆದ ಮನೆಗೆ ಹೆಂಗಸೊಬ್ಬಳನ್ನು ಕರೆದೊಯ್ದ ಟ್ಯಾಕ್ಸಿ ಚಾಲಕನೊಬ್ಬ ಇದ್ದಾನೆ. ಅವಳು ಕಾರಿನಲ್ಲಿ ಕರವಸ್ತ್ರ ಬಿಟ್ಟುಹೋಗಿದ್ದಾಳೆ. ಅವಳನ್ನೇ ಹೋಲುವಂತೆ ಉಡುಪು ತೊಟ್ಟ ಇನ್ನೊಬ್ಬಳನ್ನು ಮೇಸನ್ ಆ ಚಾಲಕನ ಬಳಿ ಕಳಿಸುತ್ತಾನೆ. 'ನನ್ನ ಕರವಸ್ತ್ರ' ಎಂದು ಅವಳು ಕೇಳಿದಾಗ ಚಾಲಕ ಮರುಮಾತಿಲ್ಲದೆ ಕೊಟ್ಟುಬಿಡುತ್ತಾನೆ. ಮುಂದೆ ಅದೇ ಚಾಲಕ ಕಟಕಟೆ ಹತ್ತಿ ಆರೋಪಿಯತ್ತ ಬೆರಳು ತೋರಿಸಿ, ಇವಳೇ, ಸಂದೇಹವೇ ಇಲ್ಲ ಎನ್ನುತ್ತಾನೆ. ಆಗ ಮೇಸನ್‌ನ ಪ್ರಶ್ನೆಗಳು ಎಷ್ಟು ಮೆತ್ತಗಿವೆ ನೋಡಿ. ಸಾಕ್ಷಿಯ ಖಾತ್ರಿಯನ್ನು ಅವನು ಅಲುಗಿಸುವುದಿಲ್ಲ. ಇನ್ನಷ್ಟು ಗಟ್ಟಿ ಮಾಡಿಸುತ್ತಾನೆ, ಹಿಂದೆ ಸರಿಯಲು ಸಾಕ್ಷಿಗೆ ಜಾಗವೇ ಇರದಷ್ಟು.

ಇದು ಬರೀ ಕಲ್ಪನೆಯಲ್ಲ. ಗಾರ್ಡ್ನರ್ ಕಾನೂನು ಪದವಿ ಇಲ್ಲದೆ ತಾವೇ ಓದಿಕೊಂಡು 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾದವರು. ಆಕ್ಸ್‌ನಾರ್ಡ್ ಎಂಬ ಊರಿನಲ್ಲಿ ಚೀನೀ ಕಕ್ಷಿದಾರರ ಪರ ವಾದಿಸುತ್ತಿದ್ದರು. ಜೂಜಿನ ಆಪಾದನೆಯ ಮೇಲೆ ಪೊಲೀಸರು ಅಂಗಡಿಕಾರರನ್ನು ಹಿಡಿಯಲು ಬರಲಿದ್ದಾಗ ಇವರು ಅಂಗಡಿಕಾರರನ್ನೇ ಅದಲುಬದಲು ಮಾಡಿ ಕೂರಿಸಿದರು, ಪೊಲೀಸರು ತಪ್ಪು ಹೆಸರಿನಲ್ಲಿ ತಪ್ಪು ಜನರನ್ನು ಹಿಡಿದು ಮುಖಭಂಗಕ್ಕೆ ಒಳಗಾದರು ಎಂಬ ಕತೆ ಅವರ ಬಗ್ಗೆ ಪ್ರಚಲಿತ. 'ಕಣ್ಣಾರೆ ಕಂಡೆ' ಎಂಬ ಮಾತನ್ನು ಮೇಸನ್ ನಂಬದಿರುವುದರ ಬೇರು ಅಲ್ಲಿದೆ.

ಮೇಸನ್ ಓದುವಾಗ ಎಲ್ಲ ಪುಸ್ತಕದಲ್ಲೂ ಜೂರಿ ಎಲ್ಲಿ ಎಂದು ಹುಡುಕಬೇಡಿ. ಅನೇಕ ಪುಸ್ತಕಗಳಲ್ಲಿ ನಡೆಯುವುದು ಪ್ರಾಥಮಿಕ ವಿಚಾರಣೆ. ಮುಂದಿನ ವಿಚಾರಣೆಗೆ ಒಪ್ಪಿಸುವಷ್ಟು ಸಾಕ್ಷ್ಯ ಇದೆಯೇ ಎಂದು ನ್ಯಾಯಾಧೀಶರೊಬ್ಬರೇ ನೋಡುವ ಹಂತ. ಗಾರ್ಡ್ನರ್‌ಗೆ ಇದರಿಂದ ಎರಡು ಲಾಭ. ಕತೆಗೆ ವೇಗ ಬಂತು. ಆರೋಪಿಯ ಬಾಯಿ ಬಿಡಿಸದೆ ಪ್ರಾಸಿಕ್ಯೂಷನ್‌ನ ಸಾಕ್ಷಿಗಳನ್ನಷ್ಟೇ ಬಿಚ್ಚುತ್ತಾ ಹೋಗುವ ಅವಕಾಶ ಮೇಸನ್‌ಗೆ ಸಿಕ್ಕಿತು. ಪ್ರಾಸಿಕ್ಯೂಷನ್ ವಕೀಲ ಹ್ಯಾಮಿಲ್ಟನ್ ಬರ್ಗರ್ ಎದ್ದು ಆಕ್ಷೇಪಣೆ ಕೂಗಿದಾಗಲೆಲ್ಲ ಒಂದು ಕ್ಷಣ ತಡೆದು ಓದಿ. ಆಕ್ಷೇಪಣೆ ಎತ್ತಿದ ಜಾಗ ಎಂದರೆ ನೋಯುವ ಜಾಗ.

ಆದರೆ ಸಾಲಾಗಿ ಮೂರ್ನಾಲ್ಕು ಓದಿದರೆ ಹಳಸುತ್ತದೆ, ಇದನ್ನೂ ಹೇಳಿಬಿಡಬೇಕು. ಗಾರ್ಡ್ನರ್ ಗದ್ಯ ಸಪ್ಪೆ. ಲಾಸ್ ಏಂಜಲೀಸ್ ಊರಿನ ಬಿಸಿಲಾಗಲಿ ಧೂಳಾಗಲಿ ಅದರಲ್ಲಿ ಸಿಗುವುದಿಲ್ಲ. ಒಂದೆರಡು ಓದಿ ಕಿವಿ ಹದವಾದ ಮೇಲೆ ಮುಂದಕ್ಕೆ ನಡೆಯುವುದು ಒಳ್ಳೆಯದು.

ಮುಂದಿನದು, ಒಗಟು ಮತ್ತು ಕೋರ್ಟು ಎರಡೂ ಸಮತೂಕದಲ್ಲಿರುವ ಪುಸ್ತಕ: 1938ರ 'ದ ಜೂಡಾಸ್ ವಿಂಡೋ'. ಬರೆದವರು ಜಾನ್ ಡಿಕ್ಸನ್ ಕಾರ್. ಕಾರ್ಟರ್ ಡಿಕ್ಸನ್ ಎಂಬ ಕಾವ್ಯನಾಮದಲ್ಲಿ. ತರುಣನೊಬ್ಬ ಭಾವೀ ಮಾವನನ್ನು ಕಾಣಲು ಹೋಗುತ್ತಾನೆ. ಮಾವ ವಿಸ್ಕಿ ಕೊಡುತ್ತಾನೆ. ಕುಡಿದವನಿಗೆ ಎಚ್ಚರ ತಪ್ಪುತ್ತದೆ. ಕಣ್ಣು ಬಿಟ್ಟಾಗ ಮಾವನ ಎದೆಯಲ್ಲಿ ಬಾಣ. ಗೋಡೆಯ ಮೇಲೆ ಅಲಂಕಾರಕ್ಕಿಟ್ಟಿದ್ದ ಬಾಣ. ಬಾಗಿಲಿಗೆ ಒಳಗಿನಿಂದ ಅಗುಳಿ, ಕಿಟಕಿಗಳಿಗೆ ಉಕ್ಕಿನ ಕದ. ಬಾಣದ ಮೇಲೆ ಇವನದೇ ಬೆರಳಚ್ಚು. ವಿಸ್ಕಿಯ ಪಾತ್ರೆ ನೋಡಿದರೆ ತುಂಬಿಯೇ ಇದೆ, ಲೋಟಗಳು ಶುಭ್ರ. ಯಾವ ಪೊಲೀಸನೂ ಎರಡನೇ ಸಲ ಯೋಚಿಸುವ ಪ್ರಕರಣವಲ್ಲ.

ಕೋಣೆ, ಹೆಣ, ಅಗುಳಿ ಎಲ್ಲವೂ ನಮಗೆ ಸಿಗುವುದು ಹೆಚ್ಚಾಗಿ ಓಲ್ಡ್ ಬೇಲಿಯ ಕಟಕಟೆಯಿಂದಲೇ, ಒಬ್ಬೊಬ್ಬ ಸಾಕ್ಷಿಯ ಬಾಯಿಂದ ತುಂಡು ತುಂಡಾಗಿ. ಕಾರ್ ಅವರ ಜಾಣತನ ಇರುವುದೇ ಇಲ್ಲಿ. ಬೇರೆ ಪತ್ತೇದಾರಿಯಲ್ಲಾದರೆ ಲೇಖಕ ಕೋಣೆಯನ್ನು ವರ್ಣಿಸುತ್ತಾನೆ, ನಾವು ನಂಬುತ್ತೇವೆ. ಇಲ್ಲಿ ಕೋಣೆಯೇ ಒಂದು ಹೇಳಿಕೆ. ಹೇಳಿದವನು ಕಂಡದ್ದನ್ನು ಹೇಳಿದನೋ, ಹಾಗಿದ್ದಿರಬೇಕು ಎಂದುಕೊಂಡದ್ದನ್ನು ಹೇಳಿದನೋ ನಾವೇ ತೂಗಬೇಕು. ಆರೋಪಿಯ ವಕೀಲ ಸರ್ ಹೆನ್ರಿ ಮೆರಿವೇಲ್, ಗೊಣಗುಟ್ಟುವ ದಢೂತಿ ಮುದುಕ, ಬಾಣದ ಗರಿಯ ಬಗ್ಗೆ ಕೇಳತೊಡಗುತ್ತಾನೆ. ಗರಿಯ ಒಂದು ತುಂಡು ಹರಿದುಹೋಗಿದೆ. ಪೊಲೀಸರು ಕೋಣೆಯನ್ನೆಲ್ಲ ಜಾಲಾಡಿದರೂ ಅದು ಸಿಕ್ಕಿಲ್ಲ. ಹಾಗಾದರೆ ಎಲ್ಲಿ ಹೋಯಿತು? ಕೇಳುವಾಗ ಕ್ಷುಲ್ಲಕ. ಆದರೆ ಬೀಗ ಬಿದ್ದ ಕೋಣೆಯಿಂದ ಗರಿಯ ತುಂಡು ಆಚೆ ಹೋಗುವುದಾದರೆ, ಆ ಕೋಣೆ ಅಷ್ಟು ಭದ್ರವಲ್ಲ ಎಂದಾಯಿತು. ಮುಂದಿನದನ್ನು ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ. ಪೆನ್ಸಿಲ್ ಹಿಡಿದು, ಅನಗತ್ಯ ಎನಿಸಿದ ಪ್ರಶ್ನೆಗಳಿಗೆಲ್ಲ ಗೀಟು ಹಾಕುತ್ತಾ ಓದಬೇಕಾದ ಪುಸ್ತಕ ಎಂದಷ್ಟೇ ಹೇಳುತ್ತೇನೆ.

ಡೊರಥಿ ಸೇಯರ್ಸ್ ಅವರ 'ಸ್ಟ್ರಾಂಗ್ ಪಾಯ್ಸನ್' (1930) ಇದಕ್ಕೆ ತಿರುಗುಮುರುಗು. ಅದು ಶುರುವಾಗುವುದೇ ವಿಚಾರಣೆಯ ಕೊನೆಯಲ್ಲಿ, ನ್ಯಾಯಾಧೀಶರು ಜೂರಿಗೆ ಪ್ರಕರಣದ ಸಾರ ಹೇಳುವಲ್ಲಿ. ವಿಷದ ಇಡೀ ಕತೆ ಆ ಮುದಿ ದನಿಯಲ್ಲಿ ನಿಧಾನಕ್ಕೆ ಬರುತ್ತದೆ. ಆರೋಪಿ ಹೆಂಗಸು ಪ್ರಿಯಕರನೊಡನೆ ಮದುವೆಯಿಲ್ಲದೆ ಬಾಳಿದವಳು ಎಂಬುದು ಅವರ ನಾಲಿಗೆಗೆ ಎಷ್ಟು ಕಹಿ ಎನ್ನುವುದೂ ಅದರಲ್ಲೇ ತಿಳಿಯುತ್ತದೆ. ಕೋರ್ಟಿನ ಭಾಗ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ, ಆದರೆ ಆ ಆರಂಭಕ್ಕಾಗಿಯೇ ಓದಬಹುದು.

ನನ್ನ ಮಟ್ಟಿಗೆ ಈ ಜಾತಿಯ ಶಿಖರ 1958ರ 'ಅನಾಟಮಿ ಆಫ್ ಎ ಮರ್ಡರ್'. ರಾಬರ್ಟ್ ಟ್ರಾವರ್ ಎಂಬ ಹೆಸರಿನ ಹಿಂದಿದ್ದವರು ಜಾನ್ ವೋಲ್ಕರ್, ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1952ರಲ್ಲಿ ಬಿಗ್ ಬೇ ಎಂಬ ಹಳ್ಳಿಯ ಹೆಂಡದಂಗಡಿಯಲ್ಲಿ ನಡೆದ ಕೊಲೆಯಲ್ಲಿ ಆರೋಪಿಯ ಪರ ಅವರೇ ವಾದಿಸಿದ್ದರು. ಅದರ ಎಳೆ ಹಿಡಿದು ಹೆಣೆದ ಕಾದಂಬರಿ ಇದು. ಮುಂದೆ ಮೀನು ಹಿಡಿಯಲು, ಬರೆಯಲು ಸಮಯ ಬೇಕೆಂದು ನ್ಯಾಯಪೀಠವನ್ನೇ ಬಿಟ್ಟ ಪುಣ್ಯಾತ್ಮ.

ಇಲ್ಲಿ ಕೊಲೆಗಾರ ಯಾರೆಂಬುದು ಮೊದಲೇ ಗೊತ್ತು. ಸೇನೆಯ ಲೆಫ್ಟಿನೆಂಟ್ ಮ್ಯಾನಿಯನ್ ತುಂಬಿದ ಬಾರಿಗೆ ನುಗ್ಗಿ ಮಾಲೀಕನನ್ನು ಗುಂಡಿಟ್ಟು ಕೊಂದಿದ್ದಾನೆ. ಆ ಮಾಲೀಕ ಮ್ಯಾನಿಯನ್‌ನ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ ಎಂಬುದು ಕಾರಣ. ಹಾಗಾದರೆ ರಹಸ್ಯ ಎಲ್ಲಿದೆ? ವಕೀಲ ಪಾಲ್ ಬೀಗ್ಲರ್ ಜೈಲಿನಲ್ಲಿ ಕಕ್ಷಿದಾರನಿಗೆ ಕಾನೂನಿನ ಪಾಠ ಹೇಳುವ ಭಾಗವನ್ನು ನಿಧಾನವಾಗಿ, ಸಾಧ್ಯವಾದರೆ ಎರಡು ಸಲ ಓದಿ. ನಡೆದದ್ದೇನು ಎಂದು ಅವನು ಪೂರ್ತಿ ಕೇಳುವುದೇ ಇಲ್ಲ. ಅದಕ್ಕೆ ಮುಂಚೆಯೇ, ಕೊಲೆಯ ಆರೋಪದಿಂದ ಪಾರಾಗಲು ಕಾನೂನಿನಲ್ಲಿ ಇಂತಿಂಥ ದಾರಿಗಳಿವೆ ಎಂದು ಒಂದೊಂದನ್ನೇ ಬಿಡಿಸಿ ಹೇಳುತ್ತಾನೆ. ನಾನಲ್ಲ ಎನ್ನುವಂತಿಲ್ಲ, ಬಾರ್ ತುಂಬ ಜನ ನೋಡಿದ್ದಾರೆ. ಆತ್ಮರಕ್ಷಣೆ ಎನ್ನುವಂತಿಲ್ಲ. ಸಿಟ್ಟಿನ ಭರದಲ್ಲಿ ಎನ್ನೋಣವೆಂದರೆ ಹೆಂಡತಿ ಹೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸಮಯ ಸಂದಿದೆ. ಉಳಿದದ್ದು ಒಂದೇ ಬಾಗಿಲು. ಅದನ್ನು ಬೀಗ್ಲರ್ ತೆರೆಯುವುದಿಲ್ಲ, ಅದರ ಮುಂದೆ ಸುಮ್ಮನೆ ನಿಂತುಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ನನಗೆ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲವೇನೋ ಎಂಬ ಸಾಧ್ಯತೆಯ ಹತ್ತಿರಕ್ಕೆ ಲೆಫ್ಟಿನೆಂಟ್ ತಾನಾಗಿಯೇ ಬರುತ್ತಾನೆ.

ಸುಳ್ಳು ಹೇಳು ಎಂದು ವಕೀಲ ಎಲ್ಲೂ ಹೇಳಲಿಲ್ಲ. ನಿಜ ಹೇಳು ಎಂದೂ ಹೇಳಲಿಲ್ಲ. ಇಲ್ಲಿಂದ ಮುಂದೆ ಕಟಕಟೆಯಲ್ಲಿ ಬರುವ ಪ್ರತಿ ಉತ್ತರವನ್ನೂ ನಾವು ಆ ಜೈಲಿನ ಪಾಠ ನೆನೆಯುತ್ತಲೇ ಕೇಳಬೇಕಾಗುತ್ತದೆ, ಮತ್ತು ಜೂರಿಗೆ ಅದು ಗೊತ್ತಿಲ್ಲ. ಅದಕ್ಕೇ ಬೀಗ್ಲರ್ ಗೆಲ್ಲಲಿ ಎಂದು ಹಾರೈಸುತ್ತಲೇ ಓದುಗನಿಗೆ ಒಳಗೊಳಗೆ ಇರುಸುಮುರುಸು. ಮನಸ್ಸಿನ ಅದಮ್ಯ ಪ್ರಚೋದನೆಗೆ ಸಿಕ್ಕಿ ಮಾಡಿದ ಕೊಲೆಗೆ ಕಾನೂನಿನಲ್ಲಿ ಆಸರೆ ಇದೆಯೇ ಎಂದು ಬೀಗ್ಲರನೂ ಕುಡುಕ ಹಿರಿಯ ವಕೀಲ ಪಾರ್ನೆಲ್ ಮೆಕಾರ್ಥಿಯೂ ಹಳೆಯ ತೀರ್ಪುಗಳ ರಾಶಿಯನ್ನು ಕೆದಕುವ ಪುಟಗಳನ್ನು ಹಾರಿಸಬೇಡಿ. ಅವರಿಗೆ ಸಿಗುವುದು 1886ರ ಒಂದು ಮಿಷಿಗನ್ ತೀರ್ಪು. ಬಂದೂಕಿಗಿಂತ ಅದೇ ಹೆಚ್ಚು ಜೋರಾಗಿ ಸಿಡಿಯುತ್ತದೆ.

ಸಿನಿಮಾ ನೋಡುವವರಿಗೆ ಆಟೋ ಪ್ರೆಮಿಂಜರ್ 1959ರಲ್ಲಿ ತೆಗೆದದ್ದಿದೆ. ನ್ಯಾಯಾಧೀಶನ ಪಾತ್ರದಲ್ಲಿರುವುದು ನಟನಲ್ಲ, ಅಮೆರಿಕದ ಸೆನೆಟರ್ ಮೆಕಾರ್ಥಿಯನ್ನು ಬಹಿರಂಗ ವಿಚಾರಣೆಯಲ್ಲಿ ಎದುರಿಸಿದ ನಿಜವಾದ ವಕೀಲ ಜೋಸೆಫ್ ವೆಲ್ಚ್. ಪುಸ್ತಕದ ನಂತರ ನೋಡಿದರೆ ರುಚಿ ಹೆಚ್ಚು.

ಇದೇ ರುಚಿಗೆ ಸೇರಿದ, ಆದರೆ ಕಾದಂಬರಿಯಲ್ಲದ ಇನ್ನೊಂದು ಓದು ನಮ್ಮ ದೇಶದಲ್ಲೇ ಇದೆ: ನಾನಾವತಿ ಪ್ರಕರಣದ 1961ರ ಸುಪ್ರೀಂ ಕೋರ್ಟ್ ತೀರ್ಪು. ನೌಕಾದಳದ ಕಮಾಂಡರ್ ಕಾವಸ್ ನಾನಾವತಿ 1959ರಲ್ಲಿ ಬೊಂಬಾಯಿಯಲ್ಲಿ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಕೊಂದ. ಜೂರಿ 8–1ರಿಂದ ನಿರ್ದೋಷಿ ಎಂದಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲೂ ಅದೇ ಗಡಿಯಾರದ ಲೆಕ್ಕ. ಮನೆಯಿಂದ ಹೊರಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಅಹುಜಾನ ಫ್ಲಾಟಿಗೆ ಬರುವ ಹೊತ್ತಿಗೆ ಸುಮಾರು ಮೂರು ಗಂಟೆ ಕಳೆದಿತ್ತು. ಸಿಟ್ಟು ಇಳಿಯಲು ಅಷ್ಟು ಸಾಕು ಎಂದಿತು ಕೋರ್ಟು. ಹೊಯ್ದಾಟದಲ್ಲಿ ಗುಂಡು ತಾನಾಗಿ ಹಾರಿತು ಎಂಬುದು ಆರೋಪಿಯ ವಾದವಾಗಿತ್ತು. ಆದರೆ ಸ್ನಾನ ಮುಗಿಸಿ ಬಂದಿದ್ದ ಅಹುಜಾನ ಮೈಮೇಲಿನ ಟವೆಲ್ ಬಿಚ್ಚದೆ ಇದ್ದಂತೆಯೇ ಇತ್ತು. ಮ್ಯಾನಿಯನ್‌ನ ಕತೆ ಮುಗಿಸಿದ ಮೇಲೆ ಇದನ್ನು ಕೈಗೆತ್ತಿಕೊಳ್ಳಿ. ಮೊದಲೇ ಓದಿದರೆ ಬೀಗ್ಲರ್ ಹೇಳುವ ಪಾಠದ ಕೊನೆಯನ್ನು ನೀವು ಅವನಿಗಿಂತ ಮುಂಚೆಯೇ ಊಹಿಸಿಬಿಡುತ್ತೀರಿ.