ಮೊದಲು ಕವರ್ ಬಿಚ್ಚಿಸಿ

ಸೋಗಾನೆಯ ನಮ್ಮ ಪಕ್ಕದ ಮನೆ ಅಜ್ಜಿಗೆ ಹೋದ ವಾರ ಮಂಡಿನೋವು ಜೋರಾಯಿತು. ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ವಿಡಿಯೋ ಕಾಲ್ ಡಾಕ್ಟರನ್ನು ಗೊತ್ತುಮಾಡಿದ್ದ. ಫೋನ್ ಹಿಡಿದುಕೊಳ್ಳುವ ಕೆಲಸ ನನ್ನದು. ಡಾಕ್ಟರು ನೋವಿನ ವಿಚಾರ ಕೇಳಿಕೊಂಡು, "ಅಜ್ಜಿ, ಈಗ ತಗೊಳ್ತಿರೋ ಮಾತ್ರೆ ಎಲ್ಲಾ ತಂದು ತೋರ್ಸಿ" ಎಂದರು.

ಅಜ್ಜಿ ಗೋಡೆಗೂಡಿನಿಂದ ಜವಳಿ ಅಂಗಡಿಯ ಕವರ್ ತಂದು ಚಾಪೆ ಮೇಲೆ ಸುರಿದರು. ಬಿಪಿಯದ್ದು, ಶುಗರಿನದ್ದು, ಯಾವಾಗಲೋ ಉಳಿದ ಕೆಮ್ಮಿನ ಸಿರಪ್. ನಡುವೆ ನಾಲ್ಕೇ ಮಾತ್ರೆಯ ತುಂಡು ಸ್ಟ್ರಿಪ್. ಹೆಸರಿದ್ದ ಭಾಗ ಕತ್ತರಿಗೆ ಹೋಗಿತ್ತು. "ಹಾರ್ಟಿನ ವಾಲ್ವ್‌ಗೆ ಕೊಟ್ಟಿದ್ದಪ್ಪ" ಎಂದರು ಅಜ್ಜಿ. ಹಳೇ ಚೀಟಿ ಹುಡುಕಿ ಕ್ಯಾಮೆರಾಕ್ಕೆ ಹಿಡಿದೆವು: ವಾರ್ಫರಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ. ಅದರ ಮೇಲೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಯೊಳಗೇ ರಕ್ತಸ್ರಾವ ಆಗಬಹುದು. ಡಾಕ್ಟರು ಅವನ್ನು ಬರೆಯಲಿಲ್ಲ. ಎರಡು ದಿನಕ್ಕೆ ಪ್ಯಾರಾಸಿಟಮಾಲ್ ಬರೆದು, ಮಂಡಿಯನ್ನು ಮುಟ್ಟಿ ನೋಡುವವರ ಹತ್ತಿರ ಹೋಗಿ ಎಂದರು.

ಮೂವತ್ತು ವರ್ಷ ಭದ್ರಾವತಿಯ ಮೆಡಿಕಲ್ ಅಂಗಡಿಯಲ್ಲಿ ನಿಂತು ಸಾವಿರಾರು ಚೀಟಿ ಓದಿದ್ದೇನೆ. ಅಷ್ಟು ಚೆನ್ನಾದ ಚೀಟಿ ಅಪರೂಪ.

ಫೋನಿನಲ್ಲಿ ಔಷಧಿ ಬರೆಯುವುದಕ್ಕೆ ನಮ್ಮಲ್ಲಿ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಕೊರೊನಾ ಲಾಕ್‌ಡೌನ್ ಶುರುವಾದ ದಿನ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನು ಮಾತಾಡಿಯೇ ಬರೆಯಬಹುದು. ಕೆಲವನ್ನು ಮೊದಲ ಸಲ ಬರೆಯಬೇಕಾದರೆ ವಿಡಿಯೋದಲ್ಲಿ ನೋಡಲೇಬೇಕು. ಶೆಡ್ಯೂಲ್ ಎಕ್ಸ್ ಔಷಧಿಗಳನ್ನಂತೂ ಬರೆಯುವ ಹಾಗೇ ಇಲ್ಲ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ನಾನು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.

ಆದರೆ ಮಲೆನಾಡಿನ ಜ್ವರಕ್ಕೆ ಯಾವ ಔಷಧಿ ಬರೆಯಬಹುದು ಎಂಬ ಈ ನಿಯಮವೊಂದೇ ಸಾಲದು. ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಉಣುಗು ಕಚ್ಚಿ ಬರುವ ಆ ಜ್ವರದಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಭಯ ಇದೆ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ದೂರದ ಊರಿನಲ್ಲಿ ಕೂತ ಡಾಕ್ಟರಿಗೆ ಮೈಕೈ ನೋವು, ಜ್ವರ ಎಂದಷ್ಟೇ ಕೇಳಿಸುತ್ತದೆ. "ದರಗು ತರೋಕೆ ಕಾಡಿಗೆ ಹೋಗಿದ್ರಾ? ಸುತ್ತಮುತ್ತ ಮಂಗ ಸತ್ತಿತ್ತಾ?" ಎಂದು ಅವರು ಕೇಳಬೇಕು. ಅವರು ಮರೆತರೆ ನಾವೇ ಹೇಳಬೇಕು. ಇದನ್ನು ಎಷ್ಟು ಸಲ ಬರೆದರೂ ನನಗೆ ಸಮಾಧಾನವಿಲ್ಲ.

ಅಂಗಡಿಯ ಹುಡುಗರಿಗೂ ಒಂದು ಮಾತು: ಬಿಡಿ ಮಾತ್ರೆ ಕೊಡುವಾಗ ಹೆಸರು, ಎಕ್ಸ್‌ಪೈರಿ ಎರಡನ್ನೂ ಕವರಿನ ಮೇಲೆ ಬರೆದುಕೊಡಿ. ಅರ್ಧ ನಿಮಿಷದ ಕೆಲಸ.

ಅಜ್ಜಿಯ ಕವರಿನೊಳಗೆ ಈಗ ಒಂದು ರಟ್ಟಿನ ತುಂಡು ಇಟ್ಟಿದ್ದೇನೆ. ಎಲ್ಲ ಮಾತ್ರೆಗಳ ಹೆಸರು ಅದರಲ್ಲಿದೆ, ವಾರ್ಫರಿನ್ ಕೆಳಗೆ ಕೆಂಪು ಗೆರೆ. "ಫೋನ್ ಬಂದ್ರೆ ಮೊದ್ಲು ಇದನ್ನೇ ಹಿಡೀತೀನಿ ಬಿಡು" ಎಂದಿದ್ದಾರೆ ಅಜ್ಜಿ.