ರಸ್ತೆ ದಾಟಲು ಬೆಟ್ಟ ಹತ್ತಬೇಕೆ?

ಈ ಸೆಮಿನಾರ್‌ನಲ್ಲಿ ಸ್ಕೈವಾಕನ್ನ ‘ಪಾದಚಾರಿ ಸ್ನೇಹಿ’ ಅಂತ ಹಲವರು ಕರೆದರು. ನನಗೆ ಒಪ್ಪಿಗೆಯಿಲ್ಲ, ಕಾರಣ ಹೇಳ್ತೀನಿ. ನಾನು ತೇನಿ ಜಿಲ್ಲೆಯ ಕಂಬಂನವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮ ಪೇಟೆಯಲ್ಲಿ ರಸ್ತೆ ದಾಟೋದಂದ್ರೆ ಬಾಳೆಹಣ್ಣಿನ ಬೆಲೆ ಕೇಳೋದು, ನೆಂಟರ ಸುದ್ದಿ ವಿಚಾರಿಸೋದು ಎಲ್ಲಾ ಸೇರಿ. ಅವ್ವ ಬೆಂಗಳೂರಿಗೆ ಬಂದಾಗ ಸ್ಕೈವಾಕ್ ತೋರಿಸಿದೆ. “ರಸ್ತೆ ದಾಟೋಕೆ ಪಳನಿ ಬೆಟ್ಟ ಹತ್ತಬೇಕೇನಪ್ಪಾ?” ಅಂದಳು. ಲಿಫ್ಟ್ ಕೆಟ್ಟಿತ್ತು.

ಬೆಂಗಳೂರಿನ ಬಹಳಷ್ಟು ಸ್ಕೈವಾಕುಗಳನ್ನು ಖಾಸಗಿಯವರು ಕಟ್ಟಿ, ಜಾಹೀರಾತಿನಿಂದ ಹಣ ವಾಪಸು ಪಡೆಯುತ್ತಾರೆ. ಹಾಗಾಗಿ ಜಾಗ ಆರಿಸುವಾಗ ಮಂಡಿನೋವಿನವರಿಗಿಂತ ಬೋರ್ಡು ನೋಡುವ ಕಾರಿನವರ ಲೆಕ್ಕವೇ ಮುಂದಾಗುತ್ತದೆ ಅನ್ನೋದು ನನ್ನ ಅನುಮಾನ.

ಒಂದು ಅಪವಾದ ಒಪ್ಕೋತೀನಿ: ಚೆನ್ನೈನ ತ್ಯಾಗರಾಯನಗರ. 2023ರಲ್ಲಿ ತೆರೆದ ಅಲ್ಲಿನ 570 ಮೀಟರ್ ಸ್ಕೈವಾಕ್ ಮಾಂಬಲಂ ರೈಲು ನಿಲ್ದಾಣವನ್ನು ಬಸ್ ನಿಲ್ದಾಣಕ್ಕೆ ಜೋಡಿಸುತ್ತದೆ. ಹಳಿ ದಾಟಲು ಹೇಗೂ ಮೇಲೆ ಹತ್ತಿದವರು ಹಾಗೇ ಮುಂದೆ ನಡೆದುಬಿಡ್ತಾರೆ. ಆದರೂ ರಂಗನಾಥನ್ ಬೀದಿಯ ಚೌಕಾಸಿ ಮೇಲಕ್ಕೆ ಬರೋದಿಲ್ಲ. ಸಿಗ್ನಲ್‌ನಲ್ಲಿ ವಾಹನಗಳು ಅರೆಗಳಿಗೆ ನಿಂತರೆ ಸಾಕಾಗುವ ಕಡೆಗೂ ಇದೇ ಮಾದರಿ ತರೋದು ತಪ್ಪು.

ಅವ್ವ ಅವತ್ತು ಕೆಳಗೇ ದಾಟಿದಳು, ಕೈ ಎತ್ತಿಕೊಂಡು. ನಾನು ಹಿಂದೆ.